ತಮ್ಮನಿಗೆ ಸೈನೋವಿಯಲ್ ಸಾರ್ಕೋಮಾ ಅಂತ ರಿಪೋರ್ಟ್ ಬಂದಿದೆ, ಗೊತ್ತಿರೋರು ಹೇಳಿ

ಹಾಸನದವಳು:
ತಮ್ಮನಿಗೆ 24 ವರ್ಷ. ಮಂಡಿ ಹಿಂದೆ ಗಂಟಿತ್ತು, ನೋವಿಲ್ಲ ಅಂತ ಸುಮ್ನಿದ್ದ, ಆಮೇಲೆ ಊರಲ್ಲೇ ಕೊಬ್ಬಿನ ಗಡ್ಡೆ ಅಂತ ತೆಗೆದ್ರು, ಬಯಾಪ್ಸಿಲಿ ನೋಡಿದ್ರೆ ಸೈನೋವಿಯಲ್ ಸಾರ್ಕೋಮಾ, ಅಪರೂಪದ ಒಂದು ಥರ ಕ್ಯಾನ್ಸರ್ ಅಂತೆ. ಸೈಜ್ 4 ಸೆಂ.ಮೀ., ಅಂಚಲ್ಲಿ ಇನ್ನೂ ಉಳಿದಿದೆಯಂತೆ, ಮತ್ತೆ ಆಪರೇಷನ್, ರೇಡಿಯೇಷನ್ ಅಂತಿದಾರೆ. ಕಾಲು ಉಳಿಯುತ್ತಾ? ಜೀವಕ್ಕೆ ಎಷ್ಟು ಅಪಾಯ? ಮನೇಲಿ ಯಾರಿಗೂ ಊಟ ಸೇರ್ತಿಲ್ಲ.

ವಾರ್ಡ್ ಸಿಸ್ಟರ್:
ಅಕ್ಕಾ, ನಾನು ಕ್ಯಾನ್ಸರ್ ವಾರ್ಡಲ್ಲಿ ನರ್ಸ್. 5 ಸೆಂ.ಮೀ. ಒಳಗಿದೆ, ಕಾಲಲ್ಲಿದೆ, ಚಿಕ್ಕ ವಯಸ್ಸು, ಇದೆಲ್ಲ ಒಳ್ಳೇದೇ. ಹರಡಿದ್ರೆ ಹೆಚ್ಚಾಗಿ ಶ್ವಾಸಕೋಶಕ್ಕೆ ಹೋಗುತ್ತೆ, ಹಾಗೆ ಹೋಗಿದ್ರೆ ಪೂರ್ತಿ ವಾಸಿ ಮಾಡೋದು ಬಹಳ ಕಷ್ಟ, ಅದಕ್ಕೇ ಎದೆ ಸಿಟಿ ಸ್ಕ್ಯಾನ್ ಮೊದಲು ಮಾಡ್ಸಿ, ಬರೀ ಎಕ್ಸ್‌ರೇಲಿ ಸಣ್ಣ ಗಂಟು ಕಾಣಲ್ಲ. ಎರಡನೇ ಆಪರೇಷನ್ ಮೊದಲು ಮಾಡಿದ ಊರಿನ ಆಸ್ಪತ್ರೆಲೇ ದಯವಿಟ್ಟು ಬೇಡ. ಬಯಾಪ್ಸಿ ಸ್ಲೈಡು, ಬ್ಲಾಕು (ಮೇಣದಲ್ಲಿಟ್ಟ ಗಡ್ಡೆ ತುಂಡು) ಎರಡೂ ಇಸ್ಕೊಂಡು ಕಿದ್ವಾಯಿ ಥರ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ, ಎಂಆರ್‌ಐ ನೋಡಿ ಸುತ್ತ ಇರೋ ಒಳ್ಳೆ ಮಾಂಸನೂ ಸೇರಿಸಿ ಅಗಲವಾಗಿ ತೆಗೀತಾರೆ. ಈಗ ಹೆಚ್ಚಿನವರಿಗೆ ಕಾಲು ಉಳಿಸ್ತಾರೆ.

ತೊಡೆ_ಆಪರೇಷನ್_ಆದವ:
ನಂಗೂ ಇದೇ, ತೊಡೆಲಿ. ಕಾಲಿದೆ, ಕೆಲಸಕ್ಕೂ ಹೋಗ್ತೀನಿ. ಆದ್ರೆ ರೇಡಿಯೇಷನ್ ಕೊಟ್ಟ ಜಾಗ ಬೇಗ ಮಾಯಲಿಲ್ಲ, ಹೊಲಿಗೆ ಕೆಳಗೆ ನೀರು ತುಂಬ್ಕೊಂಡು ಸಿರಿಂಜಲ್ಲಿ ತೆಗೀತಿದ್ರು, ಈಗ್ಲೂ ಸಂಜೆ ಆದ್ರೆ ಪಾದ ಊದುತ್ತೆ ಬಿಗಿ ಸ್ಟಾಕಿಂಗ್ ಹಾಕ್ತೀನಿ, ಚಕ್ಕಂಬಕ್ಳ ಹಾಕಿ ಕೂರಕ್ಕಾಗಲ್ಲ. ಫಿಸಿಯೋಥೆರಪಿ ಬಿಡಿಸ್ಬೇಡಿ. ಮತ್ತೆ ಯಾರೋ ಹೇಳ್ತಾರೆ ಅಂತ ಎಣ್ಣೆ ಹಚ್ಚಿ ತಿಕ್ಸೋದು, ನಾಟಿ ಕಟ್ಟು ಹಾಕ್ಸೋದು ಬೇಡವೇ ಬೇಡ.

ಹಾಸನದವಳು:
ಕಿಮೋನೂ ಬೇಕಾಗ್ಬಹುದು ಅಂದ್ರು, ಅದು ತಡ್ಕೊಳ್ತಾನಾ?

ವಾರ್ಡ್ ಸಿಸ್ಟರ್:
ಚಿಕ್ಕ ವಯಸ್ಸಿನವರು ಸಾಮಾನ್ಯವಾಗಿ ತಡ್ಕೊಳ್ತಾರೆ. ಐಫೋಸ್ಫಮೈಡ್ ಅನ್ನೋ ಕಿಮೋ ಔಷಧಿ ಕೊಟ್ರೆ ಮೂತ್ರದಲ್ಲಿ ರಕ್ತ ಬರಬಾರದು ಅಂತ ಜೊತೆಗೆ ಮೆಸ್ನಾ ಅನ್ನೋ ಔಷಧಿ ಹಾಕ್ತಾರೆ, ಡಾಕ್ಸೋರುಬಿಸಿನ್ ಅನ್ನೋ ಇನ್ನೊಂದು ಕಿಮೋ ಔಷಧಿಗೆ ಮುಂಚೆ ಹಾರ್ಟ್ ಎಕೋ ಮಾಡ್ತಾರೆ. ಕಿಮೋ ನಡೀವಾಗ ಜ್ವರ ಬಂದ್ರೆ ರಾತ್ರಿ ಎಷ್ಟೊತ್ತಾದ್ರೂ ಆಸ್ಪತ್ರೆಗೆ ಹೊರಡಿ, ಮನೇಲಿ ಡೋಲೋ ಕೊಟ್ಟು ಬೆಳಗಾಗ್ಲಿ ಅಂತ ಕಾಯ್ಬೇಡಿ. ಮದುವೆ ಆಗಿಲ್ದಿದ್ರೆ ಮುಂದೆ ಮಕ್ಕಳಾಗೋಕೆ ತೊಂದರೆ ಆಗಬಾರದು ಅಂತ ಕಿಮೋ ಶುರುವಾಗೋ ಮೊದಲೇ ವೀರ್ಯ ತೆಗೆದಿಡೋ ಬಗ್ಗೆ ಡಾಕ್ಟರನ್ನ ಕೇಳಿ, ನಾಚ್ಕೊಂಡು ಬಿಟ್ಬಿಡ್ತಾರೆ, ಆಮೇಲೆ ಸಂಕಟ ಪಡ್ತಾರೆ. ಇನ್ನೊಂದು, ಈ ಕಾಯಿಲೆ 5 ವರ್ಷ ಸುಮ್ನಿದ್ದು ಆಮೇಲೂ ಬರಬಹುದು, 10 ವರ್ಷ ಆದ್ಮೇಲೆ ಬಂದಿರೋರೂ ಇದಾರೆ, ಫಾಲೋಅಪ್ ತಪ್ಪಿಸ್ಬೇಡಿ. ಸಿಟಿ ರಿಪೋರ್ಟ್ ಬಂದ್ಮೇಲೆ ಇಲ್ಲೇ ಹಾಕಿ, ನೋಡ್ತೀನಿ.