ಹಳದಿ, ಕಿತ್ತಳೆ, ಹಸಿರು: ಗಣೇಶೋತ್ಸವದ ಸ್ಟೇಜಿಗೆ ಯಾವ ಪೆಡಲ್ ತಗೊಳ್ಳಲಿ?

ಆರುತಂತಿ_ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಗಿಟಾರಿನ ಸದ್ದನ್ನು ಒರಟಾಗಿಸುವ, ಕಾಲಲ್ಲಿ ಒತ್ತುವ ಪುಟ್ಟ ಪೆಟ್ಟಿಗೆ, ಅಂದರೆ ಪೆಡಲ್, ಒಂದು ಕೊಳ್ಳಬೇಕು. ಎರಡು ವಾರದಿಂದ ತಲೆಯಲ್ಲಿ ಇದೇ ಓಡುತ್ತಿದೆ. ಬಲ್ಲವರು ಸ್ವಲ್ಪ ಹೇಳಿ.

ನನ್ನ ಹತ್ತಿರ ಇರುವುದು ಸ್ಟ್ರಾಟ್ ಮಾದರಿಯ ಗಿಟಾರ್, ತಂತಿಯ ಕಂಪನ ಹಿಡಿಯುವ ಪಿಕಪ್ ಮೂರೂ ಸಿಂಗಲ್ ಕಾಯಿಲ್. ಜೊತೆಗೆ 15 ವ್ಯಾಟ್‌ನ ಸಣ್ಣ ಆಂಪ್, ಅದರಲ್ಲಿ ಎಂಟು ಇಂಚಿನ ಸ್ಪೀಕರ್. ಆಂಪಿನಲ್ಲೇ ಗೇನ್ ಬಟನ್ ಇದೆ. ಆದರೆ ಒತ್ತಿದರೆ ಮರಳು ಹುರಿದ ಹಾಗೆ ಸದ್ದು. ನಮ್ಮ ಬಡಾವಣೆಯ ಗಣೇಶೋತ್ಸವಕ್ಕೆ ಐದು ಜನ ಸೇರಿ ಒಂದೂವರೆ ಗಂಟೆ ಹಾಡಿನ ಕಾರ್ಯಕ್ರಮ ಮಾಡುತ್ತಿದ್ದೇವೆ. ಕೀಬೋರ್ಡ್, ಬೇಸ್, ರಿದಮ್ ಪ್ಯಾಡ್, ನಾನು. ಹಾಡುವವಳು ನಮ್ಮ ಅಕ್ಕ. ಹೆಚ್ಚಿನವು ಸಿನಿಮಾ ಹಾಡುಗಳೇ. ಎರಡು ಹಾಡುಗಳ ಒಳಗೆ ನನಗೆ ಒಂದೊಂದು ಸೋಲೋ ಇದೆ. ಆ ಎರಡು ಸೋಲೋ ಜನಕ್ಕೆ ಚೆನ್ನಾಗಿ ಕೇಳಬೇಕು, ಅಷ್ಟೇ ಆಸೆ.

ಬಜೆಟ್ 8000 ರೂಪಾಯಿ. ಮನಸ್ಸಿನಲ್ಲಿ ಮೂರಿವೆ. ಬಾಸ್ ಕಂಪನಿಯ ಹಳದಿ ಎಸ್‌ಡಿ-1, ಅದೇ ಕಂಪನಿಯ ಕಿತ್ತಳೆ ಡಿಎಸ್-1, ಐಬನೆಜ್‌ನ ಹಸಿರು ಟ್ಯೂಬ್ ಸ್ಕ್ರೀಮರ್ ಟಿಎಸ್9. ಹಸಿರನ್ನು ಹೊಸದಾಗಿ ಕೊಳ್ಳಲು ನನ್ನ ದುಡ್ಡು ಸಾಲಲ್ಲ. ಸೆಕೆಂಡ್ ಹ್ಯಾಂಡ್ ಒಂದು ಕಣ್ಣಿಗೆ ಬಿದ್ದಿದೆ.

ಇಯರ್‌ಫೋನ್ ಹಾಕಿಕೊಂಡು ವಿಡಿಯೋ ನೋಡಿದರೆ ಪ್ರತಿ ಸಲ ಡಿಎಸ್-1 ಗೆಲ್ಲುತ್ತದೆ. ತುಂಬಾ ದೊಡ್ಡ ಸದ್ದು. ಬೆಂಗಳೂರಿಗೆ ಹೋದಾಗ ಒಂದು ಅಂಗಡಿಯಲ್ಲಿ ಮೂರನ್ನೂ ನುಡಿಸಿ ನೋಡಿದೆ. ಅಲ್ಲಿ ಮೂರೂ ಚೆನ್ನಾಗಿದ್ದವು, ಅದೇ ನನ್ನ ತೊಂದರೆ. ಅಲ್ಲಿದ್ದದ್ದು ಎರಡು ಕಾಯಿಲ್‌ನ ಹಂಬಕರ್ ಪಿಕಪ್‌ನ ಗಿಟಾರ್ ಮತ್ತು ದೊಡ್ಡ ವಾಲ್ವ್ ಆಂಪ್. ನಮ್ಮ ಮನೆಯಲ್ಲಿ ಎರಡೂ ಇಲ್ಲ. ಇನ್ನೊಂದು ವಿಷಯ. ಕಾರ್ಯಕ್ರಮದ ಸೌಂಡ್‌ನವರು "ಆಂಪ್ ತರಬೇಡಿ, ಗಿಟಾರ್ ನೇರ ಮಿಕ್ಸರ್‌ಗೇ ಹಾಕೋಣ" ಎಂದಿದ್ದಾರೆ. ಅದರಿಂದ ಏನಾದರೂ ವ್ಯತ್ಯಾಸ ಆಗುತ್ತದೆಯೇ?

ಲೋಹನಾದ

ಕಣ್ಣು ಮುಚ್ಚಿಕೊಂಡು ಡಿಎಸ್-1 ತಗೊಳ್ಳಿ. 1978ರಿಂದ ಬರುತ್ತಿರುವ ಪೆಡಲ್ ಅದು. ನಿರ್ವಾಣ ಬ್ಯಾಂಡಿನ ಕರ್ಟ್ ಕೊಬೇನ್ ಕಾಲಡಿ ಇದ್ದದ್ದೂ ಅದೇ. ಗಟ್ಟಿ ಕಬ್ಬಿಣದಂಥ ಪೆಟ್ಟಿಗೆ. ನನ್ನದು ಹನ್ನೊಂದು ವರ್ಷದಿಂದ ಒಂದೇ ಒಂದು ದಿನ ಕೈ ಕೊಟ್ಟಿಲ್ಲ. ಟೋನ್ ನಾಬ್ ಮಾತ್ರ (ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ) ಒಂಬತ್ತು ಗಂಟೆ ದಾಟಿಸಬೇಡಿ. ಮೇಲೆ ಹೋದಷ್ಟೂ ಕಿವಿಗೆ ಚುಚ್ಚುತ್ತದೆ.

ದಾವಣಗೆರೆ_ಲೀಡ್

ತಮ್ಮಾ, ನಾನು ಇಪ್ಪತ್ತೆರಡು ವರ್ಷದಿಂದ ರಸಮಂಜರಿ ಕಾರ್ಯಕ್ರಮಗಳಲ್ಲಿ ಲೀಡ್ ಗಿಟಾರ್ ನುಡಿಸುತ್ತಿದ್ದೇನೆ. ನಿನ್ನ ಕೊನೆಯ ಸಾಲು ಓದಿ ಬರೆಯಲೇಬೇಕು ಅನಿಸಿತು. ನೀನು ಕೇಳಿದ ಪ್ರಶ್ನೆ ಯಾವ ಪೆಡಲ್ ಅಂತ. ಅದಕ್ಕಿಂತ ಮೊದಲು ಕೇಳಬೇಕಾದ್ದು ಪೆಡಲ್ ಆದಮೇಲೆ ತಂತಿ ಎಲ್ಲಿಗೆ ಹೋಗುತ್ತದೆ ಅಂತ.

ನೇರ ಮಿಕ್ಸರ್‌ಗೆ ಹಾಕಿದರೆ ಈ ಮೂರರಲ್ಲಿ ಯಾವುದನ್ನು ಕೊಂಡರೂ ಡಬ್ಬದೊಳಗೆ ಜೀರುಂಡೆ ಸಿಕ್ಕಿಕೊಂಡ ಹಾಗೆ ಕೇಳುತ್ತದೆ. ಇದು ಪೆಡಲಿನ ತಪ್ಪಲ್ಲ. ಗಿಟಾರ್ ಆಂಪಿನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಸದ್ದನ್ನು ಬೇಗ ಇಳಿಸಿಬಿಡುತ್ತದೆ. ಪೆಡಲ್ ಹುಟ್ಟಿಸುವ ಕರಕರ ಎಲ್ಲ ಇರುವುದು ಅದರ ಮೇಲೇ. ಅಂದರೆ ಸ್ಪೀಕರೇ ಒಂದು ಸೋಸುವ ಜರಡಿ. ಮಿಕ್ಸರ್‌ನಿಂದ ದೊಡ್ಡ ಬಾಕ್ಸ್‌ಗಳಿಗೆ ಹೋದಾಗ ಆ ಜರಡಿ ಇಲ್ಲ. ಅವುಗಳಲ್ಲಿ ಚೂಪು ಸದ್ದಿಗೆ ಇರುವ ಟ್ವೀಟರ್ ಇದ್ದದ್ದನ್ನೆಲ್ಲ ಹಾಗೇ ಜನರ ಕಿವಿಗೆ ಎಸೆಯುತ್ತದೆ.

ಹಾಗಾಗಿ ನಿನ್ನ 15 ವ್ಯಾಟ್ ಆಂಪನ್ನೇ ಸ್ಟೇಜಿಗೆ ತಗೊಂಡು ಹೋಗು. ಸಣ್ಣದು ಅಂತ ನಾಚಿಕೆ ಬೇಡ. ಒಂದು ಕುರ್ಚಿಯ ಮೇಲೆ ಇಟ್ಟು ಮುಂದೆ ಮೈಕ್ ನಿಲ್ಲಿಸಿದರೆ ಸಾಕು. ಗಿಟಾರಿಗೆ ಅಂತಲೇ ಬೇರೆ ಮೈಕ್ ಇಲ್ಲದಿದ್ದರೆ ಹಾಡಲು ಬಳಸುವಂಥ ಮೈಕೇ ನಡೆಯುತ್ತದೆ. ಸ್ಪೀಕರಿನ ನಟ್ಟನಡುವೆ ಹಿಡಿಯಬೇಡ, ಅಲ್ಲಿ ಸದ್ದು ಹರಿತ. ನಡುವಿನಿಂದ ಎರಡು ಬೆರಳು ಪಕ್ಕಕ್ಕೆ, ಬಟ್ಟೆಗೆ ತಾಗದಷ್ಟು ಹತ್ತಿರ. ಸೌಂಡ್‌ನವರು ಒಪ್ಪಲೇ ಇಲ್ಲ ಅಂದರೆ ಕ್ಯಾಬ್ ಸಿಮ್ (ಆ ಸ್ಪೀಕರ್ ಜರಡಿಯ ನಕಲು) ಇರುವ ಸಣ್ಣ ಮಲ್ಟಿ ಎಫೆಕ್ಟ್ ಪೆಟ್ಟಿಗೆ ಯಾರಿಂದಾದರೂ ಎರವಲು ತಗೋ. ಪೆಡಲ್ ಅದರ ಮುಂದೆ ಇರಲಿ.

ಈಗ ಪೆಡಲ್ ವಿಷಯ.

ಎಸ್‌ಡಿ-1, ಟಿಎಸ್9 ಎರಡೂ ಓವರ್‌ಡ್ರೈವ್. ಡಿಎಸ್-1 ಡಿಸ್ಟಾರ್ಷನ್. ಹೆಸರು ಮಾತ್ರ ಬೇರೆ ಅಲ್ಲ, ಕೆಲಸವೂ ಬೇರೆ. ಎರಡೂ ಕಡೆ ಡಯೋಡ್ ಅನ್ನುವ ಪುಟ್ಟ ಬಿಡಿಭಾಗಗಳೇ ಗಿಟಾರಿನ ಅಲೆಯ ತುದಿಯನ್ನು ಕಡಿಯುವುದು. ಓವರ್‌ಡ್ರೈವ್‌ನಲ್ಲಿ ಆ ತುದಿ ಹೊಳೆಕಲ್ಲಿನ ಹಾಗೆ ದುಂಡಗೆ ಸವೆಯುತ್ತದೆ. ಡಿಸ್ಟಾರ್ಷನ್‌ನಲ್ಲಿ ಕತ್ತಿಯಿಂದ ಕೊಯ್ದ ಹಾಗೆ ಚಪ್ಪಟೆ. ಅದಕ್ಕೇ ಓವರ್‌ಡ್ರೈವ್ ಹಾಕಿದಾಗ ನೀನು ಮೆಲ್ಲಗೆ ಮೀಟಿದ್ದು ಮೆಲ್ಲಗೇ ಬರುತ್ತದೆ. ಗಿಟಾರಿನ ವಾಲ್ಯೂಮನ್ನು ಆರಕ್ಕೆ ಇಳಿಸಿದರೆ ಸದ್ದು ಹೆಚ್ಚುಕಡಿಮೆ ತಿಳಿಯಾಗುತ್ತದೆ. ಸಿನಿಮಾ ಹಾಡಿನಲ್ಲಿ ಚರಣಕ್ಕೆ ತಿಳಿ, ಸೋಲೋಗೆ ಬಿಸಿ ಬೇಕಲ್ವಾ? ಕಿರುಬೆರಳೊಂದರಲ್ಲಿ ಎರಡೂ ಸಿಗುತ್ತದೆ.

ಹಳದಿಗೂ ಹಸಿರಿಗೂ ಒಳಗಿನ ಸರ್ಕ್ಯೂಟ್ ಅಣ್ಣತಮ್ಮಂದಿರ ಹಾಗೆ. ಎಸ್‌ಡಿ-1 ಬಂದದ್ದು 1981ರಲ್ಲಿ, ಟಿಎಸ್9 1982ರಲ್ಲಿ. ಹಸಿರಿನಲ್ಲಿ ಎರಡು ಡಯೋಡ್, ಅಲೆಯ ಮೇಲು ಕೆಳಗು ಒಂದೇ ಸಮ ಕಡಿತ. ಹಳದಿಯಲ್ಲಿ ಮೂರು, ಒಂದು ಕಡೆ ಎರಡು, ಇನ್ನೊಂದು ಕಡೆ ಒಂದು. ಹಾಗಾಗಿ ಹಳದಿಯ ಒರಟುತನ ಸ್ವಲ್ಪ ಬೇರೆ, ನನಗೆ ಅದೇ ಇಷ್ಟ. ಎರಡೂ ದಪ್ಪ ಸ್ವರ ಕಡಿಮೆ ಮಾಡಿ ನಡುವಿನ ಸ್ವರವನ್ನು ಮುಂದೆ ತಳ್ಳುತ್ತವೆ. ಟ್ಯೂಬ್ ಸ್ಕ್ರೀಮರ್‌ನಲ್ಲಿ ಆ ಉಬ್ಬು ಸುಮಾರು 720 ಹರ್ಟ್ಸ್ ಹತ್ತಿರ. ಡಿಎಸ್-1ರಲ್ಲಿ ಇದು ಉಲ್ಟಾ. ಅದರ ಟೋನ್ ಭಾಗ 500 ಹರ್ಟ್ಸ್ ಆಸುಪಾಸಿನಲ್ಲಿ ಒಂದು ತಗ್ಗು ತೋಡುತ್ತದೆ. ಮೇಲೂ ಕೆಳಗೂ ತುಂಬಿಕೊಂಡು ಒಬ್ಬನೇ ಕೇಳುವಾಗ ದೊಡ್ಡದಾಗಿ ಅನಿಸುತ್ತದೆ. ನಿನ್ನ ಇಯರ್‌ಫೋನಿನಲ್ಲಿ ಗೆದ್ದದ್ದು ಇದಕ್ಕೇ.

ಸ್ಟೇಜಲ್ಲಿ ನೀನು ಒಬ್ಬನೇ ಇರಲ್ಲ. ಇದು ನನಗೆ ತಿಳಿದದ್ದು ಹರಿಹರದಲ್ಲಿ. ಆಗ ನನ್ನ ಹತ್ತಿರ ಬೇರೊಂದು ಡಿಸ್ಟಾರ್ಷನ್ ಪೆಡಲ್ ಇತ್ತು, ಅದಕ್ಕೂ ನಡುವಿನ ಸ್ವರ ಕಡಿಮೆ. ಮನೆಯಲ್ಲಿ ನುಡಿಸಿದರೆ ಅಡುಗೆಮನೆಯ ಲೋಟ ಅದುರುತ್ತಿತ್ತು. ಅಲ್ಲಿ ಸೋಲೋ ಶುರುವಾಯಿತು. ಬೆರಳು ಓಡುತ್ತಿದೆ, ನನಗೇ ಕೇಳುತ್ತಿಲ್ಲ. ಬಗ್ಗಿ ಡ್ರೈವ್ (ಸದ್ದನ್ನು ಒರಟಾಗಿಸುವ ನಾಬ್) ಜಾಸ್ತಿ ಮಾಡಿದೆ. ಇನ್ನೂ ಹಿಂದೆ ಸರಿಯಿತು. ಕೀಬೋರ್ಡ್‌ನವರು ನನ್ನ ಮುಖ ನೋಡಿ ಕೀಗಳ ಮೇಲಿಂದ ಎಡಗೈ ಎತ್ತಿದರು. ಅವರ ಕೈ ಎದ್ದ ಆ ಕ್ಷಣಕ್ಕೆ ನನ್ನ ಗಿಟಾರ್ ಹೊರಗೆ ಬಂತು. ಇಬ್ಬರೂ ಒಂದೇ ಜಾಗಕ್ಕೆ ಜಗಳ ಆಡುತ್ತಿದ್ದೆವು ಅಂತ ಆಗ ಗೊತ್ತಾಯಿತು. ಅಂದಿನಿಂದ ನಾನು ಡ್ರೈವ್ ಕಡಿಮೆ, ಲೆವೆಲ್ (ಪೆಡಲಿನ ಒಟ್ಟು ಜೋರು) ಜಾಸ್ತಿ ಇಟ್ಟುಕೊಳ್ಳುತ್ತೇನೆ.

ಪೆಡಲ್‌ಗಳನ್ನು ಹೋಲಿಸುವಾಗ ಒಂದು ಕೆಲಸ ತಪ್ಪದೇ ಮಾಡು. ಮೂರರ ಸದ್ದೂ ಒಂದೇ ಮಟ್ಟಕ್ಕೆ ತಂದುಕೋ. ಪೆಡಲ್ ಆಫ್ ಇದ್ದಾಗ ಎಷ್ಟು ಜೋರೋ ಆನ್ ಇದ್ದಾಗಲೂ ಅಷ್ಟೇ ಇರಲಿ. ಒಂಚೂರು ಜೋರಾಗಿದ್ದದ್ದೇ ಕಿವಿಗೆ ಚೆನ್ನಾಗಿ ಕೇಳುತ್ತದೆ. ಎಷ್ಟು ವರ್ಷ ನುಡಿಸಿದ ಕಿವಿಯಾದರೂ ಮೋಸ ಹೋಗುತ್ತದೆ. ಗಿಟಾರ್ ನಿನ್ನದೇ ಇರಲಿ. ಅಂಗಡಿಯವರಿಗೆ "ಸಣ್ಣ ಪ್ರಾಕ್ಟೀಸ್ ಆಂಪ್ ಕೊಡಿ ಸರ್" ಅಂತ ಕೇಳು, ಕೊಡುತ್ತಾರೆ.

ನಿನಗೆ ಎಸ್‌ಡಿ-1 ಸಾಕು. ಹಸಿರಿಗಾಗಿ ಸಾಲ ಮಾಡಬೇಡ.

ಬೆಸುಗೆ_ಬೆಂಗಳೂರು

ಲೀಡ್ ಅಣ್ಣನವರು ಸರಿಯಾಗಿ ಹೇಳಿದ್ದಾರೆ. ನಾನು ಎಸ್.ಪಿ. ರೋಡ್‌ನಲ್ಲಿ ಬಿಡಿಭಾಗ ಕೊಂಡು ಮನೆಯಲ್ಲೇ ಪೆಡಲ್ ಕಟ್ಟುತ್ತೇನೆ, ರಿಪೇರಿಯನ್ನೂ ಮಾಡುತ್ತೇನೆ. ನನ್ನ ಮೇಜಿಗೆ ಬರುವ ಸತ್ತ ಪೆಡಲ್‌ಗಳಲ್ಲಿ ಹೆಚ್ಚಿನವು ಸತ್ತದ್ದು ಅಡಾಪ್ಟರ್‌ನಿಂದ. ಹೋದ ತಿಂಗಳು ಒಬ್ಬ ಹುಡುಗ ತಂದಿದ್ದ. ಮುಚ್ಚಳ ಬಿಚ್ಚಿದರೆ ಸುಟ್ಟ ವಾಸನೆ. ಕರೆಂಟ್ ಒಳಬರುವ ಕಡೆಯ ಡಯೋಡ್ ಕಪ್ಪಾಗಿ ಬಿರಿದಿತ್ತು. ಮನೆಯಲ್ಲಿದ್ದ ಯಾವುದೋ 9 ವೋಲ್ಟ್ ಅಡಾಪ್ಟರ್ ಚುಚ್ಚಿದ್ದನಂತೆ. ವೋಲ್ಟ್ ಸರಿ ಇತ್ತು, ಪಿನ್ ಉಲ್ಟಾ.

ಈ ಮೂರೂ ಪೆಡಲ್‌ಗಳಿಗೆ ಬೇಕಾದ್ದು 9 ವೋಲ್ಟ್ ಡಿಸಿ, ನಡುವಿನ ಪಿನ್ ನೆಗೆಟಿವ್. ಬೇರೆ ಸಾಮಾನುಗಳ ಜೊತೆ ಬರುವ ಅಡಾಪ್ಟರ್‌ಗಳಲ್ಲಿ ಬಹಳಷ್ಟಕ್ಕೆ ನಡುವೆ ಪಾಸಿಟಿವ್. ಅಡಾಪ್ಟರ್ ಮೇಲೆ ಒಂದು ಚುಕ್ಕೆ, ಅದರ ಸುತ್ತ ಅರ್ಧ ಚಂದ್ರದ ಚಿತ್ರ ಇರುತ್ತದೆ. ಚುಕ್ಕೆಯಿಂದ ಹೊರಟ ಗೆರೆ ಮೈನಸ್ ಗುರುತಿಗೆ ಹೋಗಿರಬೇಕು. ಸೆಕೆಂಡ್ ಹ್ಯಾಂಡ್ ಟಿಎಸ್9 ನೋಡಲು ಹೋದರೂ ಇದನ್ನು ಮೊದಲು ನೋಡಿ.

ಬ್ಯಾಟರಿಯಲ್ಲಿ ನುಡಿಸುವುದಾದರೆ ಮುಗಿದ ಮೇಲೆ ಗಿಟಾರ್ ಕಡೆಯ ಜ್ಯಾಕ್ ಕಿತ್ತುಬಿಡಿ. ಅದು ಒಳಗಿದ್ದಷ್ಟು ಹೊತ್ತೂ ಪೆಡಲ್ ಆಫ್ ಇದ್ದರೂ ಬ್ಯಾಟರಿ ಖರ್ಚಾಗುತ್ತಿರುತ್ತದೆ. ಹಬ್ಬದ ಪೆಂಡಾಲಿಗೆ ನಾನು ಬ್ಯಾಟರಿಯನ್ನೇ ಹೇಳುತ್ತೇನೆ. ಅಡಾಪ್ಟರ್ ಕಡೆಯಿಂದ ಬರುವ ಗುಂಯ್ ಒಂದಾದರೂ ಕಡಿಮೆ. ಸಿಂಗಲ್ ಕಾಯಿಲ್ ಪಿಕಪ್ ಸುತ್ತಲಿನ ಕರೆಂಟಿನ 50 ಹರ್ಟ್ಸ್ ಸದ್ದನ್ನು ಎಳೆದುಕೊಳ್ಳುತ್ತದೆ. ಡ್ರೈವ್ ಏರಿಸಿದಷ್ಟೂ ಅದೂ ಏರುತ್ತದೆ. ಸೀರಿಯಲ್ ಸೆಟ್ ಮತ್ತು ಲೈಟಿನ ಡಿಮ್ಮರ್‌ನಿಂದ ದೂರ ನಿಲ್ಲಿ. ಗುಂಯ್ ಅಂದರೆ ನಿಂತಲ್ಲೇ ಸ್ವಲ್ಪ ತಿರುಗಿ ನೋಡಿ. ಒಂದು ದಿಕ್ಕಿನಲ್ಲಿ ಅದು ಕಡಿಮೆಯಾಗುತ್ತದೆ.

ಲೋಹನಾದ

ಲೀಡ್ ಸರ್, ಕೀಬೋರ್ಡ್ ಇರುವ ತಂಡ ಅನ್ನುವುದನ್ನು ನಾನು ಗಮನಿಸಿರಲಿಲ್ಲ. ನಮ್ಮದು ಎರಡು ಗಿಟಾರ್, ಬೇಸ್, ಡ್ರಮ್ಸ್ ಮಾತ್ರ. ನಡುವಿನ ಜಾಗ ಪೂರ್ತಿ ನಮ್ಮದೇ. ನಮ್ಮಂಥವರಿಗೆ ಡಿಎಸ್-1 ಒಳ್ಳೆಯದು ಅನ್ನುವ ಮಾತಿಗೆ ಈಗಲೂ ಬದ್ಧ. ಆದರೆ ತಮ್ಮನ ತಂಡಕ್ಕೆ ಹಳದಿಯೇ ಸರಿ.

ಮೈಸೂರು_ಬೇಸ್

ಬೇಸ್ ನುಡಿಸುವವಳಾಗಿ ಒಂದು ಮಾತು. ಗಿಟಾರಿನವರು ದಪ್ಪ ಸ್ವರ ಬಿಟ್ಟುಕೊಟ್ಟರೆ ನಮ್ಮ ಕೆಲಸ ಅರ್ಧ ಹಗುರ. ರೂಮಿನಲ್ಲಿ "ಸದ್ದು ತೆಳುವಾಯಿತು" ಅಂತ ಆಂಪಿನ ಬೇಸ್ ನಾಬ್ ಏರಿಸಬೇಡಿ. ತಂಡದ ಜೊತೆ ಒಮ್ಮೆ ಕೇಳಿ, ಆಮೇಲೆ ತೀರ್ಮಾನ ಮಾಡಿ. ಫೋನನ್ನು ಕೊನೆಯ ಕುರ್ಚಿಯ ಮೇಲೆ ಇಟ್ಟು ರೆಕಾರ್ಡ್ ಮಾಡಿ.

ಆರುತಂತಿ_ಹುಬ್ಬಳ್ಳಿ

ಎಲ್ಲರಿಗೂ ತುಂಬಾ ಧನ್ಯವಾದಗಳು. ಶನಿವಾರ ನನ್ನ ಗಿಟಾರ್ ಹೊತ್ತುಕೊಂಡು ಇಲ್ಲೇ ಊರಿನ ಅಂಗಡಿಗೆ ಹೋದೆ. ಎಸ್‌ಡಿ-1, ಡಿಎಸ್-1 ಎರಡೂ ಇದ್ದವು. ನನ್ನ ಆಂಪಿನಂಥದೇ ಸಣ್ಣದನ್ನು ಕೊಟ್ಟರು. ಸದ್ದು ಸಮ ಮಾಡಿಕೊಂಡು ನುಡಿಸಿದ ಕೂಡಲೇ ವಿಡಿಯೋದಲ್ಲಿದ್ದ ದೊಡ್ಡ ವ್ಯತ್ಯಾಸ ಕರಗಿಹೋಯಿತು. ಉಳಿದದ್ದು ಬೇರೆ ವ್ಯತ್ಯಾಸ. ಹಳದಿಯಲ್ಲಿ ಕೊರಳಿಂದ ಹಾಡಿದ ಹಾಗಿತ್ತು. ಒಂದು ಸ್ವರ ಎಳೆದು ಹಿಡಿದರೆ ಅದರ ಬಾಲದವರೆಗೂ ಕೇಳುತ್ತಿತ್ತು. ಹಳದಿಯನ್ನೇ ತಂದೆ. ಬಜೆಟ್ ಒಳಗೇ ಆಯಿತು, ಎರಡು 9 ವೋಲ್ಟ್ ಬ್ಯಾಟರಿಯೂ ಬಂದವು.

ಭಾನುವಾರ ತಂಡದ ಜೊತೆ ಪ್ರಾಕ್ಟೀಸ್. ಮೊದಲು ಮನೆಯಲ್ಲಿ ಇಟ್ಟುಕೊಂಡಿದ್ದ ಹಾಗೆ ಡ್ರೈವ್ ಮೂರು ಗಂಟೆಯಲ್ಲಿ ಇಟ್ಟೆ. ಮುಳುಗಿಹೋಯಿತು. ಹತ್ತು ಗಂಟೆಗೆ ಇಳಿಸಿ ಲೆವೆಲ್ ಎರಡು ಗಂಟೆಗೆ ಏರಿಸಿದೆ. ಅಕ್ಕ ಹಾಡು ನಿಲ್ಲಿಸಿ ಹಿಂದಕ್ಕೆ ತಿರುಗಿ ನೋಡಿದಳು. "ಇದೇ ಇರಲಿ, ಮುಟ್ಟಬೇಡ" ಎಂದಳು. ನಾಬ್‌ಗಳ ಪಕ್ಕ ಬಿಳಿ ಟೇಪ್ ಅಂಟಿಸಿ ಪೆನ್ನಿನಲ್ಲಿ ಗುರುತು ಹಾಕಿದ್ದೇನೆ. ಟೋನ್ ಸರಿಯಾಗಿ ಹನ್ನೆರಡಕ್ಕೆ ಇದೆ. ಕೊನೆಯ ಕುರ್ಚಿಯ ರೆಕಾರ್ಡಿಂಗ್‌ನಲ್ಲಿ ಎರಡೂ ಸೋಲೋ ಕೇಳುತ್ತಿವೆ.

ಸೌಂಡ್‌ನವರಿಗೆ ಫೋನ್ ಮಾಡಿದೆ. ಆಂಪ್ ತರುತ್ತೇನೆ, ಒಂದು ಮೈಕ್ ಕೊಡಿ ಎಂದೆ. ಮೈಕ್ ಇದೆ, ಸ್ಟ್ಯಾಂಡ್ ಇಲ್ಲ ಎಂದರು. ಅದಕ್ಕೇನು ಮಾಡಲಿ ಅಣ್ಣಾ?

ದಾವಣಗೆರೆ_ಲೀಡ್

ಮೈಕಿನ ವೈರನ್ನು ಆಂಪಿನ ಹಿಡಿಕೆಗೆ ಒಂದು ಸುತ್ತು ಸುತ್ತಿ ಮುಂದಕ್ಕೆ ಇಳಿಬಿಡು. ಮೈಕಿನ ಬಾಯಿ ಸ್ಪೀಕರಿನ ಕಡೆ ತಿರುಗಿರಬೇಕು, ನೆಲದ ಕಡೆ ಅಲ್ಲ. ಓಲಾಡದ ಹಾಗೆ ಟೇಪ್ ಹಾಕು. ನಿನ್ನ ಹತ್ತಿರ ಬಿಳಿ ಟೇಪ್ ಇದೆಯಲ್ಲ, ಅದೇ ಸಾಕು. ಬೇಗ ಹೋಗಿ ಜನ ಬರುವ ಮೊದಲೇ ಕಟ್ಟಿಕೋ. ಕಾರ್ಯಕ್ರಮದ ರೆಕಾರ್ಡಿಂಗ್ ಇಲ್ಲಿ ಹಾಕು, ಕೇಳುತ್ತೇನೆ.