ಟ್ರೌಟ್ ಮೇಲೆ ಬಂದು ನೋಡುತ್ತೆ, ಫ್ಲೈ ಕಚ್ಚದೆ ತಿರುಗುತ್ತೆ: ಶರತ್ಕಾಲದ ತಿಳಿನೀರಿಗೆ ಏನು ಬದಲಿಸಬೇಕು?

ತಿಳಿಮಡು:
ಶರತ್ಕಾಲ ಶುರುವಾಗಿ ಹೊಳೆಯಲ್ಲಿ ನೀರು ಇಳಿದಿದೆ, ತಳದ ಕಲ್ಲು ಎಣಿಸುವಷ್ಟು ತಿಳಿಯಾಗಿದೆ. ಮಡುವಿನ ಬಾಲದಲ್ಲಿ, ಅಂದರೆ ಆಳ ಕಡಿಮೆಯಾಗಿ ನೀರು ಮತ್ತೆ ಓಡಲು ಶುರುಮಾಡುವ ಜಾಗದಲ್ಲಿ, ಬ್ರೌನ್ ಟ್ರೌಟ್‌ಗಳು ಮೇಲೆ ಬಂದು ತಿನ್ನುತ್ತಿವೆ. ಫ್ಲೈ (ಹುಳದಂತೆ ಕಾಣಲು ಕಟ್ಟಿದ ಗಾಳ) ಹತ್ತಿರಕ್ಕೂ ಬರುತ್ತವೆ, ಮೂತಿ ಒಡ್ಡಿ ಹಾಗೇ ಕೆಳಗಿಳಿಯುತ್ತವೆ. ಬಳಸುತ್ತಿರುವುದು 9 ಅಡಿಯ 5 ವೇಟ್ (ಮಧ್ಯಮ ಭಾರದ ಲೈನಿಗೆ ಹೊಂದುವ) ರಾಡ್, 9 ಅಡಿ ಲೀಡರ್ (ಲೈನಿನ ತುದಿಗೆ ಕಟ್ಟುವ ತೆಳು ಎಳೆ), ತುದಿ 4ಎಕ್ಸ್, ಫ್ಲೈ 14ನೇ ಸೈಜಿನ, ನೀರಿನ ಮೇಲೆ ತೇಲುವ ಪ್ಯಾರಾಶೂಟ್ ಆಡಮ್ಸ್ (ಎಕ್ಸ್ ಸಂಖ್ಯೆ ಏರಿದಷ್ಟೂ ಎಳೆ ತೆಳು, ಸೈಜ್ ಸಂಖ್ಯೆ ಏರಿದಷ್ಟೂ ಫ್ಲೈ ಚಿಕ್ಕದು). ನಿಲ್ಲುವುದು ಮೀನಿನ ಹಿಂದೆ, ಕೆಳಹರಿವಿನಲ್ಲಿ. ಫ್ಲೈ ಬದಲಿಸಲೋ, ಲೀಡರ್ ಬದಲಿಸಲೋ?

ಸೆಳವು:
ಎರಡಕ್ಕೂ ಮೊದಲು ನಿಲ್ಲುವ ಜಾಗ ಬದಲಿಸಿ. ಮೀನು ಬಂದು ನೋಡಿತು ಅಂದರೆ ಫ್ಲೈ ಅದಕ್ಕೆ ತಿನಿಸಿನಂತೆಯೇ ಕಂಡಿದೆ. ಕೊನೇ ಗಳಿಗೆಯಲ್ಲಿ ಅದು ಹಿಂಜರಿಯುವುದು ಹೆಚ್ಚಾಗಿ ಫ್ಲೈಯನ್ನು ಲೈನ್ ಹರಿವಿಗಿಂತ ಬೇರೆ ವೇಗದಲ್ಲಿ ಎಳೆಯುವ ಡ್ರ್ಯಾಗ್‌ನಿಂದ.

ಡ್ರ್ಯಾಗ್‌ಗೆ ಮಡುವಿನ ಬಾಲದಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ಫ್ಲೈ ಬೀಳುವುದು ನಿಧಾನದ ನೀರಿನಲ್ಲಿ, ಆದರೆ ಕೆಳಗೆ ನಿಂತವರ ಲೈನ್ ಬೀಳುವುದು ಓಡುವ ನೀರಿನ ಮೇಲೆ. ಲೈನ್ ಕೂಡಲೇ ಮುಂದೆ ಹೋಗಿ ಫ್ಲೈಯನ್ನು ಎಳೆಯುತ್ತದೆ. ಆ ಎಳೆತ ಒಂದೆರಡು ಸೆಂಟಿಮೀಟರ್ ಇದ್ದರೆ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಮೀನಿಗೆ ಬೀಳುತ್ತದೆ. ಪರೀಕ್ಷೆ ಸುಲಭ: ಫ್ಲೈ ಪಕ್ಕದಲ್ಲೇ ತೇಲುವ ಒಂದು ನೊರೆಗುಳ್ಳೆಯನ್ನು ಗುರುತಿಸಿಕೊಳ್ಳಿ. ಫ್ಲೈ ಅದನ್ನು ಹಿಂದೆ ಹಾಕಿದರೂ, ಅದರಿಂದ ಹಿಂದೆ ಬಿದ್ದರೂ ಡ್ರ್ಯಾಗ್ ಇದೆ ಎಂದೇ ಅರ್ಥ.

ಮೀನಿಗಿಂತ ಮೇಲೆ, ಓರೆಯಾಗಿ ಒಂದು ಪಕ್ಕಕ್ಕೆ, 10 ಮೀಟರ್ ದೂರದಲ್ಲಿ ಮಂಡಿಯೂರಿ ಕೂರಿ. ಬೀಸಿದ ಲೈನ್ ಇನ್ನೂ ಗಾಳಿಯಲ್ಲಿರುವಾಗಲೇ ರಾಡನ್ನು ಮೇಲ್ಹರಿವಿನ ಕಡೆಗೆ ಚಾಚಿ (ರೀಚ್ ಕಾಸ್ಟ್). ಲೈನ್ ನೀರಿಗೆ ಬಿದ್ದ ಮೇಲೆ ರಾಡಿನ ತುದಿಯನ್ನು ಹರಿವಿನ ಜೊತೆಗೇ ಇಳಿಸುತ್ತ ಹೋಗಿ. ಆಗ ಮೀನಿನ ಕಣ್ಣಿಗೆ ಮೊದಲು ಬರುವುದು ಫ್ಲೈ, ಲೀಡರ್ ಬರುವುದು ಅದರ ಹಿಂದೆ.

ಗುರಿಯೂ ನಿಖರವಾಗಿರಬೇಕು. ಮೀನು ನೀರಿನಾಚೆಯದನ್ನು ನೋಡುವುದು ತಲೆಯ ಮೇಲಿನ ಒಂದು ದುಂಡು ಕಿಟಕಿಯಿಂದ, ಅದರ ಅಗಲ ಮೀನಿರುವ ಆಳದ ಸುಮಾರು 2.26 ಪಟ್ಟು. 30 ಸೆಂ.ಮೀ. ಆಳದಲ್ಲಿರುವ ಮೀನಿಗೆ ಅದು 68 ಸೆಂ.ಮೀ. ಮಾತ್ರ. ಅರ್ಧ ಮೀಟರ್ ಪಕ್ಕಕ್ಕೆ ಬಿದ್ದ ಫ್ಲೈಗಾಗಿ ಅದು ಜಾಗ ಬಿಟ್ಟು ಬರುವುದು ಅಪರೂಪ.

ರೆಕ್ಕೆಇರುವೆ:
ಡ್ರ್ಯಾಗ್ ಬಗ್ಗೆ ಹೇಳಿದ್ದು ಸರಿ. ಆದರೆ ಈ ಕಾಲಕ್ಕೆ 14ನೇ ಸೈಜ್ ದೊಡ್ಡದಾಯಿತು. ಮೋಡ ಕವಿದ, ತುಂತುರು ಹನಿಯುವ ಮಧ್ಯಾಹ್ನ ಏಳುವುದು ಬ್ಲೂ ವಿಂಗ್ಡ್ ಆಲಿವ್ ಎಂಬ ಪುಟ್ಟ ಮೇಫ್ಲೈ ಹುಳ. ಅದಕ್ಕೆ 18ರಿಂದ 22ರ ಸೈಜ್ ಬೇಕು. ಮೀನು ಎದ್ದಲ್ಲಿ ಗುಳ್ಳೆ ಉಳಿದರೆ ಅದು ನೀರಿನ ಮೇಲಿನ ಹುಳವನ್ನೇ ಹಿಡಿದಿದೆ. ಗುಳ್ಳೆಯಿಲ್ಲದೆ ಬೆನ್ನು, ಬಾಲ ಮಾತ್ರ ಕಂಡರೆ ನೀರಿನ ಮೇಲ್ಮೈಗೆ ಕೆಳಗಿನಿಂದ ಅಂಟಿಕೊಂಡು ಪೊರೆ ಕಳಚುತ್ತಿರುವ ಹುಳವನ್ನು ತಿನ್ನುತ್ತಿದೆ, ಎತ್ತರಕ್ಕೆ ತೇಲುವ ಫ್ಲೈ ಅಲ್ಲಿ ನಡೆಯುವುದಿಲ್ಲ. ಎಮರ್ಜರ್ (ಪೊರೆ ಕಳಚುವ ಹುಳದಂಥ ಫ್ಲೈ) ಕಟ್ಟಿ, ಫ್ಲೋಟೆಂಟನ್ನು (ಫ್ಲೈ ತೇಲಿಸುವ ಜಿಡ್ಡು) ರೆಕ್ಕೆಗೆ ಮಾತ್ರ ಹಚ್ಚಿ, ಮೈ ನೆನೆಯಲಿ.

ಮಳೆ ನಿಂತು ಬಿಸಿಲೇರಿದ ಮಧ್ಯಾಹ್ನವಾದರೆ ಹಾರುವ ಇರುವೆ ನೋಡಿ. ಅವು ನೀರಿಗೆ ಬಿದ್ದ ದಿನ ಟ್ರೌಟ್ ಬೇರೆ ಯಾವುದನ್ನೂ ಮೂಸುವುದಿಲ್ಲ. 16 ಅಥವಾ 18ರ ಕಪ್ಪು ಇರುವೆ ಫ್ಲೈ ಸಾಕು. ಅದು ನೀರಿನಲ್ಲಿ ನಮಗೆ ಕಾಣುವುದಿಲ್ಲ, ಹಾಗಾಗಿ 12ರ ಮಿಡತೆ ಫ್ಲೈಯ ಗಾಳದ ಬಾಗಿಗೆ 45 ಸೆಂ.ಮೀ. ಟಿಪ್ಪೆಟ್ (ಲೀಡರ್ ತುದಿಯ ಅತಿ ತೆಳು ಎಳೆ) ಕಟ್ಟಿ ಅದರ ತುದಿಗೆ ಇರುವೆ ಹಾಕಿ. ಮಿಡತೆಯ ಸುತ್ತ ಎಲ್ಲೇ ಮೀನು ಎದ್ದರೂ ರಾಡ್ ಎತ್ತಿ.

ತಿಳಿಮಡು:
18ಕ್ಕೆ ಇಳಿದರೆ ಟಿಪ್ಪೆಟ್ ಎಷ್ಟು? 4ಎಕ್ಸ್‌ಗೆ ನೇರವಾಗಿ 6ಎಕ್ಸ್ ಬ್ಲಡ್ ನಾಟ್ (ಎರಡು ಎಳೆ ಜೋಡಿಸುವ ಗಂಟು) ಹಾಕಿದರೆ ಜಾರುತ್ತಿದೆ. ಬಿಟ್ಟುಹೋದ ತುದಿ ಸ್ಪ್ರಿಂಗಿನಂತೆ ಸುರುಳಿಯಾಗಿರುತ್ತದೆ.

ಗಂಟುಗಾರ:
ಆ ಸುರುಳಿಯೇ ಗುರುತು: ಎಳೆ ತುಂಡಾಗಿಲ್ಲ, ಗಂಟು ಬಿಚ್ಚಿಕೊಂಡಿದೆ. 4ಎಕ್ಸ್ 0.18 ಮಿ.ಮೀ., 6ಎಕ್ಸ್ 0.13. ಇಷ್ಟು ವ್ಯತ್ಯಾಸಕ್ಕೆ ಬ್ಲಡ್ ನಾಟ್ ಸುಲಭಕ್ಕೆ ಬಿಗಿ ಹಿಡಿಯುವುದಿಲ್ಲ. ನಡುವೆ 5ಎಕ್ಸ್ ಸೇರಿಸಿ: 9 ಅಡಿಯ 4ಎಕ್ಸ್ ಲೀಡರ್‌ಗೆ 50 ಸೆಂ.ಮೀ. 5ಎಕ್ಸ್, ಅದಕ್ಕೆ 75 ಸೆಂ.ಮೀ. 6ಎಕ್ಸ್. ಒಟ್ಟು 13 ಅಡಿ ಆಗುತ್ತದೆ. ಎರಡೂ ಕಡೆ ಮೂರು ಸುತ್ತಿನ ಸರ್ಜನ್ಸ್ ನಾಟ್ ಹಾಕಿ. ಉಗುಳಿನಿಂದ ಒದ್ದೆ ಮಾಡಿ, ನಾಲ್ಕೂ ಎಳೆಗಳನ್ನು ಒಟ್ಟಿಗೆ, ನಿಧಾನವಾಗಿ ಎಳೆಯಿರಿ. ಒಣಗಂಟು ಬಿಗಿಯುವಾಗಿನ ಬಿಸಿಗೆ ನೈಲಾನ್ ಸುಕ್ಕುಗಟ್ಟಿ ಅಲ್ಲೇ ಕಡಿಯುತ್ತದೆ.

ಉದ್ದದ ಸಡಿಲ ಟಿಪ್ಪೆಟ್ ಡ್ರ್ಯಾಗನ್ನೂ ತಡಮಾಡುತ್ತದೆ. ತೆಳುವಾಗಿರುವುದಕ್ಕಿಂತ ಈ ಲಾಭವೇ ದೊಡ್ಡದು. ತುದಿಯ 60 ಸೆಂ.ಮೀ.ಗೆ ದಡದ ನುಣುಪು ಕೆಸರು ತಿಕ್ಕಿ ಜಿಡ್ಡು ತೆಗೆಯಿರಿ. ತೇಲುವ ಎಳೆ ತಳದ ಕಲ್ಲಿನ ಮೇಲೆ ಹಗ್ಗದಷ್ಟು ನೆರಳು ಬೀಳಿಸುತ್ತದೆ. 6ಎಕ್ಸ್‌ನಲ್ಲಿ ಜಗ್ಗಬೇಡಿ. ರಾಡನ್ನು ಸುಮ್ಮನೆ ಎತ್ತಿದರೆ ಗಾಳ ನಾಟುತ್ತದೆ.

ಸೆಳವು:
ಇನ್ನೆರಡು ವಿಷಯ. ಹೊಳೆಗೆ ಇಳಿಯುವ ಮುನ್ನ ನೀರಿನ ಬಿಸಿ ಅಳೆಯಿರಿ. ಟ್ರೌಟ್ ಚೆನ್ನಾಗಿ ತಿನ್ನುವುದು 10ರಿಂದ 16 ಡಿಗ್ರಿ ಸೆಲ್ಸಿಯಸ್‌ನಲ್ಲಿ. ರಾತ್ರಿ ಚಳಿ ಬಿದ್ದಿದ್ದರೆ ಬೆಳಗಿನ ಜಾವದ ಅವಸರ ಬೇಡ, 11 ಗಂಟೆಯ ನಂತರ ಹೋಗಿ. 20 ದಾಟಿದ್ದರೆ ಗಾಳ ಹಾಕಲೇಬೇಡಿ, ಬಿಟ್ಟ ಮೀನೂ ಬದುಕುವುದು ಕಷ್ಟ.

ಬ್ರೌನ್ ಟ್ರೌಟ್ ಮೊಟ್ಟೆಯಿಡುವುದು ಶರತ್ಕಾಲದಲ್ಲೇ, ಅದೂ ನೀವು ಹೇಳಿದಂಥ ಬಾಲದ ಜಲ್ಲಿಯಲ್ಲಿ. ಪಾಚಿಯಿಲ್ಲದೆ ತೊಳೆದಂತೆ ಬೆಳ್ಳಗೆ ಕಾಣುವ ಮೊಟ್ಟೆಯಾಕಾರದ ಗುಳಿ, ಅದರ ಕೆಳಗೆ ಜಲ್ಲಿಯ ದಿಬ್ಬ ಕಂಡರೆ ಅದು ಮೊಟ್ಟೆಗೂಡು. ಮೊಟ್ಟೆಗಳು ಹೆಚ್ಚಾಗಿ ಆ ದಿಬ್ಬದ ಅಡಿಯಲ್ಲೇ ಇರುತ್ತವೆ, ಕಾಲಿಟ್ಟರೆ ಒಡೆದುಹೋಗುತ್ತವೆ. ಅದರ ಮೇಲೆ ನಿಂತ ಮೀನಿಗೂ ಫ್ಲೈ ಹಾಕಬೇಡಿ. ಋತು ಮುಚ್ಚುವ ದಿನ ಹೊಳೆಯಿಂದ ಹೊಳೆಗೆ ಬೇರೆ, ನಿಮ್ಮ ಪರವಾನಗಿಯಲ್ಲಿ ಏನಿದೆ ನೋಡಿಕೊಳ್ಳಿ.