ಅಂಕಿಗಳನ್ನು ನಿಧಾನವಾಗಿ ಒತ್ತಿದರೆ ಕರೆ ಅರ್ಧಕ್ಕೇ ಹೊರಟುಹೋಗುತ್ತಿದೆ: ಎಸ್‌ಪಿಎ 3102 ಡಯಲ್ ಪ್ಲ್ಯಾನ್

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ನಮ್ಮ ಮನೆಯಲ್ಲಿ ಲಿಂಕ್‌ಸಿಸ್ ಎಸ್‌ಪಿಎ 3102 ಅಡಾಪ್ಟರ್ ಇದ್ದು, ಅದಕ್ಕೆ ಹಳೆಯ ಲ್ಯಾಂಡ್‌ಲೈನ್ ಮತ್ತು ಇಂಟರ್ನೆಟ್ ದೂರವಾಣಿ ಎರಡನ್ನೂ ಜೋಡಿಸಿದ್ದೇನೆ. ಊರಿನಿಂದ ಬಂದಿರುವ ನಮ್ಮ ತಾಯಿಯವರು ಡೈರಿ ನೋಡಿಕೊಂಡು ಒಂದೊಂದೇ ಅಂಕಿ ಒತ್ತುತ್ತಾರೆ. ಕೊನೆಯ ಮೂರ್ನಾಲ್ಕು ಅಂಕಿ ಬಾಕಿ ಇರುವಾಗಲೇ ಕರೆ ಹೊರಟುಹೋಗಿ, ಸಂಖ್ಯೆ ಸರಿಯಿಲ್ಲ ಎಂಬ ಧ್ವನಿ ಕೇಳಿಸುತ್ತದೆ. ನಾನು ಒತ್ತಿದರೆ ಈ ತೊಂದರೆ ಇಲ್ಲ. ಜೊತೆಗೆ, 911 (ಇಲ್ಲಿನ ತುರ್ತು ಸೇವೆ) ಕರೆ ಮಾತ್ರ ಲ್ಯಾಂಡ್‌ಲೈನಿನಿಂದ ಹೋಗಿ, ಉಳಿದವೆಲ್ಲ ಇಂಟರ್ನೆಟ್ ಮೂಲಕ ಹೋಗಬೇಕೆಂಬುದು ನನ್ನ ಅಪೇಕ್ಷೆ. ಯಾವ ಸಂಖ್ಯೆ ಒತ್ತಿದರೆ ಏನು ಮಾಡಬೇಕೆಂದು ಅಡಾಪ್ಟರಿಗೆ ತಿಳಿಸುವ ಡಯಲ್ ಪ್ಲ್ಯಾನ್ ಸಾಲನ್ನು ನಾನು ಇದುವರೆಗೆ ಮುಟ್ಟಿಲ್ಲ.

ಉತ್ತರ 1

ತಪ್ಪು ನಿಮ್ಮ ತಾಯಿಯವರದಲ್ಲ, ಆ ಸಾಲಿನ ಕೊನೆಯಲ್ಲಿ ಉದ್ದಕ್ಕೆ ಎಕ್ಸ್‌ಗಳನ್ನು ಬರೆದು ಇಟ್ಟಿರುವ ಚುಕ್ಕೆಯದು. ಎಕ್ಸ್ ಎಂದರೆ ಯಾವುದಾದರೂ ಒಂದು ಅಂಕಿ. ಚುಕ್ಕೆ ಎಂದರೆ ಮುಂದೆ ಎಷ್ಟು ಅಂಕಿ ಬಂದರೂ ಸರಿ, ಬರದಿದ್ದರೂ ಸರಿ. ಹೀಗಾಗಿ ಸಾಲಿಗೆ ಬೇಕಾದಷ್ಟು ಅಂಕಿ ಬಂದೊಡನೆ ಅಡಾಪ್ಟರ್ ಸಂಖ್ಯೆ ಪೂರ್ಣವಾಯಿತೆಂದು ಭಾವಿಸಿ, 3 ಸೆಕೆಂಡು ಮಾತ್ರ ಕಾದು, ಕರೆಯನ್ನು ಕಳುಹಿಸಿಬಿಡುತ್ತದೆ. ಸಂಖ್ಯೆ ಇನ್ನೂ ಅಪೂರ್ಣವೆಂದು ಅದಕ್ಕೆ ತಿಳಿದಿದ್ದರೆ 10 ಸೆಕೆಂಡು ಕಾಯುತ್ತದೆ.

ಭಾರತದ ಸಂಖ್ಯೆಗಳು ಇಲ್ಲಿ ನಮಗೆ ಅನುಕೂಲವಾಗಿವೆ. ಬೆಂಗಳೂರಿನ 80 ಆದ ಮೇಲೆ 8 ಅಂಕಿ, ಮೈಸೂರಿನ 821 ಆದ ಮೇಲೆ 7, ಶಿರಸಿಯ 8384 ಆದ ಮೇಲೆ 6. ಮೊಬೈಲ್ ಆದರೂ ಒಟ್ಟು 10. ಆದ್ದರಿಂದ ಚುಕ್ಕೆಯ ಭಾಗವನ್ನು ಅಳಿಸಿ, 01191[1-9] ಎಂದು ಬರೆದು (011 ವಿದೇಶಿ ಕರೆಗೆ, 91 ಭಾರತಕ್ಕೆ, [1-9] ಎಂದರೆ 1ರಿಂದ 9ರವರೆಗಿನ ಯಾವುದಾದರೂ ಒಂದು ಅಂಕಿ), ಅದರ ನಂತರ ಒಂಬತ್ತು ಎಕ್ಸ್ ಹಾಗೂ ಎಸ್0 ಸೇರಿಸಿರಿ. ಎಸ್0 ಇದ್ದರೆ ಕೊನೆಯ ಅಂಕಿ ಬಿದ್ದ ಕ್ಷಣವೇ ಕರೆ ಹೋಗುತ್ತದೆ. ಹಳೆಯ ಚುಕ್ಕೆಯ ಭಾಗವನ್ನು ಉಳಿಸಿಕೊಂಡು ಹೊಸದನ್ನು ಸೇರಿಸಿದರೆ ಏನೂ ಪ್ರಯೋಜನವಾಗದು, ಏಕೆಂದರೆ ಅಡಾಪ್ಟರ್ ಎಲ್ಲ ಭಾಗಗಳನ್ನೂ ಒಟ್ಟಿಗೇ ಹೋಲಿಸಿ ನೋಡುತ್ತದೆ.

ಊರಿನ ಅಭ್ಯಾಸದಂತೆ ಹಿರಿಯರು 080 ಎಂದು ಸೊನ್ನೆ ಸೇರಿಸಿಯೇ ಒತ್ತುತ್ತಾರೆ. ಅದಕ್ಕಾಗಿ ಇನ್ನೊಂದು ಭಾಗವನ್ನು <011910:01191>[1-9] ಎಂದು ಆರಂಭಿಸಿ, ಅದೇ ಒಂಬತ್ತು ಎಕ್ಸ್ ಮತ್ತು ಎಸ್0 ಇಂದ ಮುಗಿಸಿರಿ. ಎಡಗಡೆಯದನ್ನು ಒತ್ತಿದರೆ ಅದರ ಬದಲು ಬಲಗಡೆಯದು ಹೋಗುವುದರಿಂದ ಸೊನ್ನೆ ತಾನಾಗಿ ಬಿದ್ದುಹೋಗುತ್ತದೆ. ಇಲ್ಲಿ ಕನ್ನಡದಲ್ಲಿ ಬರೆದ ಅಕ್ಷರಗಳನ್ನು ಅಲ್ಲಿ ಇಂಗ್ಲಿಷಿನಲ್ಲೇ ತುಂಬಬೇಕು.

ಉತ್ತರ 2

911ಕ್ಕೆ ಸಂಬಂಧಿಸಿದಂತೆ, ಮೊದಲು ಸಾಲಿನಲ್ಲಿರುವ [3469]11 (ಅಂದರೆ 311, 411, 611, 911) ಎಂಬುದನ್ನು [346]11 ಎಂದು ತಿದ್ದಿ, ಬಳಿಕ 911ಎಸ್0<:@ಜಿಡಬ್ಲ್ಯೂ0> ಎಂಬ ಭಾಗವನ್ನು ಸೇರಿಸಿರಿ. ಜಿಡಬ್ಲ್ಯೂ0 ಎಂದರೆ ಲ್ಯಾಂಡ್‌ಲೈನ್. ವಿದ್ಯುತ್ ಹೋದಾಗ ಈ ಅಡಾಪ್ಟರ್ ಫೋನನ್ನು ನೇರವಾಗಿ ಲ್ಯಾಂಡ್‌ಲೈನಿಗೇ ಜೋಡಿಸುತ್ತದೆ, ಆಗ ಯಾವ ನಿಯಮವೂ ಅನ್ವಯಿಸುವುದಿಲ್ಲ.

ಒಂದು ಎಚ್ಚರಿಕೆ: 011 ಮರೆತು 91 ಒತ್ತಿ, ದೆಹಲಿಯ 11 ಅಥವಾ ಜೈಪುರದ 141 ಒತ್ತಲು ಹೊರಟರೆ ಮೂರನೆಯ ಅಂಕಿಗೇ 911 ಆಗಿಬಿಡುತ್ತದೆ. ಕರ್ನಾಟಕದ ಸಂಕೇತಗಳು 8ರಿಂದ ಆರಂಭವಾಗುವುದರಿಂದ ನಮಗೆ ಆ ಅಪಾಯ ಕಡಿಮೆ. ಹಾಗೇನಾದರೂ ಆದರೆ ಫೋನ್ ಇಟ್ಟುಬಿಡಬಾರದು, ತಪ್ಪಿ ಒತ್ತಿದೆವೆಂದು 911ರಲ್ಲಿ ಕರೆ ಸ್ವೀಕರಿಸಿದವರಿಗೆ ತಿಳಿಸಬೇಕು.

ಏಳು ಅಂಕಿಯ ಸ್ಥಳೀಯ ಕರೆಯ ಭಾಗವನ್ನೂ ಪರಿಶೀಲಿಸಿರಿ. 988 ಎಂಬ ಆತ್ಮಹತ್ಯೆ ತಡೆ ಸಹಾಯವಾಣಿಯ ಕಾರಣದಿಂದ 2021ರ ಅಕ್ಟೋಬರ್‌ನಲ್ಲಿ 82 ಪ್ರದೇಶ ಸಂಕೇತಗಳಲ್ಲಿ ಆ ಪದ್ಧತಿ ನಿಂತುಹೋಗಿದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ತಾಯಿಯವರು ನಿನ್ನೆ ಸೊನ್ನೆ ಸೇರಿಸಿಯೇ ಮೈಸೂರಿಗೆ ಕರೆ ಮಾಡಿ ಅರ್ಧ ಗಂಟೆ ಮಾತನಾಡಿದರು. ಆದರೆ ಬಹರೈನ್‌ನಲ್ಲಿರುವ ತಮ್ಮನಿಗೆ ಈಗ ಕರೆಯೇ ಹೋಗುತ್ತಿಲ್ಲ.

ಉತ್ತರ 1

ಚುಕ್ಕೆಯನ್ನು ಅಳಿಸಿದ್ದರ ಫಲ ಅದು. 011973 (973 ಬಹರೈನ್ ದೇಶದ ಸಂಕೇತ) ಎಂದು ಬರೆದು, ಎಂಟು ಎಕ್ಸ್ ಮತ್ತು ಎಸ್0 ಸೇರಿಸಿರಿ. ಅಲ್ಲಿನ ಸಂಖ್ಯೆಗಳು 8 ಅಂಕಿಯವು.